ಇಲ್ಲದ ಕೂಸಿನ ಸಾವು

ನನ್ನ ಹೊಟ್ಟೆಯಲ್ಲಿ ಕೂಸಿರಲಿಲ್ಲ. ಇಲ್ಲದ ಆ ಕೂಸನ್ನು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಕಾಶಿಬಾಯಿ ಕೊಂದಳೆಂದು ಮನೆಮಂದಿ ನಂಬುವಂತೆ ಮಾಡಿದವಳು ನಾನು. ಹದಿನಾರು ವರ್ಷ ಸುಮ್ಮನಿದ್ದೆ — ಅಂಜಿ.

ಕಲಬುರ್ಗಿಯ ಕೋಟೆಯ ಹತ್ತಿರ ನಮ್ಮದು ತೊಗರಿ ವ್ಯಾಪಾರದ ಮನೆ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಎದ್ದಿತ್ತು. ಆಗಲೇ ನನ್ನ ಮುಟ್ಟು ನಿಂತಿತು. ನಾಲ್ಕು ತಿಂಗಳಾದ ಮೇಲೆ ಇದು ಬಸಿರೇ ಎಂದರು ಅತ್ತೆ. ಗಂಡ ಓಣಿಗೆಲ್ಲ ಸಕ್ಕರೆ ಹಂಚಿದರು. ನಾನೂ ನಂಬಿದೆ. ಆದರೆ ಕೂತಲ್ಲೇ ಕಿವಿಯವರೆಗೆ ಉರಿ ಏರುತ್ತಿತ್ತು, ಕುಪ್ಪಸ ಬೆವರಿನಲ್ಲಿ ತೊಯ್ಯುತ್ತಿತ್ತು, ಎದೆ ಡವಡವ. ಕಾರಣವಿಲ್ಲದೆ ಅಳು. ತಲೆ ಕೆಡುತ್ತಿದೆಯೇನೋ — ಯಾರನ್ನು ಕೇಳಲಿ?

ದರ್ಗಾಕ್ಕೆ ಹೋಗುವ ನೆಪ ಹೇಳಿ ರೋಜಾ ಓಣಿಯ ಸೂಲಗಿತ್ತಿಯ ಬಳಿ ಹೋದೆ. ಮುದುಕಿ ಹೊಟ್ಟೆ ಒತ್ತಿ ನೋಡಿದಳು.

“ಇದು ಬಸರಲ್ಲವ್ವಾ. ಮುಟ್ಟು ನಿಲ್ಲೋ ವಯಸ್ಸು. ಮೈ ಕಾಯ್ತದ, ನಿದ್ದಿ ಹಾರ್ತದ — ನನಗೂ ಆಗಿತ್ತು. ಮನ್ಯಾಗ ಒಬ್ಬರಿಗರ ಹೇಳು. ಒಬ್ಬಾಕಿನೇ ಅಂಜಕೋತ ಕೂಡಬ್ಯಾಡ.”

ಹೇಳಬೇಕೆಂದೇ ಮನೆಗೆ ಬಂದೆ. ಗಂಡ ಬಾಗಿಲಲ್ಲೇ “ಉಂಡಿ ಏನ?” ಎಂದರು. ಇಪ್ಪತ್ತೈದು ವರ್ಷದಲ್ಲಿ ಅವರು ಹಾಗೆ ಕೇಳಿರಲಿಲ್ಲ. ಉಂಡೆನೆಂದಷ್ಟೇ ಹೇಳಿ ಒಳಗೆ ಹೋದೆ.

ತಿಂಗಳು ಕಳೆದು ರಕ್ತ ಬಂತು — ಹೆದರಿಕೆಯಾಗುವಷ್ಟು. ಅತ್ತೆ ಭುಜ ಹಿಡಿದು ಅಲುಗಿಸಿದರು: “ಏನ್ ತಿಂದಿ? ಖರೆ ಹೇಳು!”

ಬಾಯಿಗೆ ರುಚಿಯಿಲ್ಲ ಎಂದಿದ್ದೆನೆಂದು ಅಂದು ಬೆಳಿಗ್ಗೆ ಕಾಶಿ ಪ್ರೀತಿಯಿಂದ ಎಳ್ಳುಂಡಿ ಕಟ್ಟಿ ಕೊಟ್ಟಿದ್ದಳು. ಎಳ್ಳು ಉಷ್ಣ, ಬಸಿರು ಇಳಿಸುತ್ತದೆ ಎಂದು ಮನೆಯ ಹಿರಿಯರು ನಂಬಿದ್ದರು.

“ಕಾಶಿ ಎಳ್ಳುಂಡಿ ಕೊಟ್ಟಿದ್ದಳ್ರೀ,” ಎಂದೆ.

ಅಷ್ಟೇ. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ...

ವಾರದೊಳಗೆ ಮೈದುನ, ಕಾಶಿ, ಅವರ ನಾಲ್ಕು ವರ್ಷದ ಮಗಳು ಮನೆ ಬಿಟ್ಟು ಕಾಶಿಯ ತವರು ಕಮಲಾಪುರಕ್ಕೆ ಹೋದರು. ಹೊರಡುವಾಗ ಕಾಶಿ “ಅಕ್ಕಾ, ನಂಗ ತಿಳೀಲಿಲ್ಲ” ಎಂದು ನನ್ನ ಕಾಲು ಹಿಡಿದಳು. ನಾನು ಗೋಡೆಯ ಕಡೆ ಮುಖ ಮಾಡಿದೆ. ಒಮ್ಮೆ ಬಸಿರಾದವಳು ಮತ್ತೆ ಆಗಬಹುದೆಂದು ಎಲ್ಲರೂ ಕಾದರು. ಸವತಿ ಬರಲಿಲ್ಲ.

ಮೊನ್ನೆ ಕಮಲಾಪುರದಿಂದ ಬಂದವರೊಬ್ಬರು ಹೇಳಿದರು — ಕಾಶಿಯ ಮುಟ್ಟು ಏರುಪೇರಾಗಿದೆ, ಬೆವರುತ್ತಾಳೆ, ಆ ಕೂಸಿನ ಶಾಪ ತಟ್ಟಿತೆಂದು ಊಟ ಬಿಟ್ಟಿದ್ದಾಳೆ. ಅದು ಏನೆಂದು ನನಗೆ ಗೊತ್ತಿತ್ತು. ನಿನ್ನೆ ನಸುಕಿನಲ್ಲೇ ಬಂಡಿ ಹೂಡಿಸಿ ಹೋದೆ. ಎಲ್ಲ ಹೇಳಿದೆ.

“ಹಂಗಾರ ನಾ ಕೊಂದಿಲ್ಲ?”

“ಕೂಸೇ ಇರಲಿಲ್ಲವ್ವಾ. ನಿನಗ ಆಗಾಕತ್ತಿದ್ದೂ ಶಾಪಲ್ಲ. ನನಗಾದದ್ದೇ. ಹೋಗ್ತದ.”

ಕಾಶಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

“ನನ್ನ ಮಗಳು ಎರಡು ಬಸಿರಿಗೂ ಇಲ್ಲೇ ಬಂದಿದ್ದಳು. ನನ್ನ ಕೈಲೆ ಒಂದು ತುತ್ತೂ ಉಣಸಲಿಲ್ಲ — ಅಂಜಿ.” ಆಮೇಲೆ ಎದ್ದು ನಿಂತಳು. “ನನಗೊಬ್ಬಾಕಿಗೇ ಹೇಳಿದ್ರ ಏನಾಯ್ತು? ಅಲ್ಲಿ ಹೇಳ್ರಿ, ಎಲ್ಲಾರ ಮುಂದ.”

ಅಕ್ಕಾ ಅನ್ನಲಿಲ್ಲ.

ಈಗಷ್ಟೇ ಮನೆ ಮುಟ್ಟಿದ್ದೇನೆ. ಗಂಡ ಊಟಕ್ಕೆ ಕೈ ತೊಳೆಯುತ್ತಿದ್ದಾರೆ. ಈ ವಯಸ್ಸಿನಲ್ಲೂ ನನ್ನನ್ನು ಮನೆಯಿಂದ ಹೊರಗೆ ಹಾಕಬಹುದು. ಹಾಕಲಿ. ಅವರು ತಾಟಿನ ಮುಂದೆ ಕೂಡುವ ಮೊದಲು ಹೇಳಬೇಕು.