ಬಾಲ ಪೂರ್ತಿ ಬಂದ ಫೋಟೋ

ಬಂದರಿನ ಐಸ್ ಫ್ಯಾಕ್ಟರಿ ಮೇಲಿನ ಕೋಣೆಯಲ್ಲಿ ಹದಿನೆಂಟು ವರ್ಷ ಕೂತು ತಿಮಿಂಗಿಲಗಳ ಬಾಲ ನೋಡಿದವಳಿಗೆ ಜನ ಇನ್ನೇನು ಹೆಸರಿಟ್ಟಾರು? ಬಾಲದಕ್ಕ. ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. “ನಂಗೆ ಮನುಷ್ಯರ ಮುಖ ನೆನಪಿರಲ್ಲಪ್ಪ. ನಿಮಗೂ ಒಂದೊಂದು ಬಾಲ ಇದ್ದಿದ್ರೆ ಮರೀತಿರಲಿಲ್ಲ” ಅಂತ ತಾನೇ ನಗಿಸುತ್ತಿದ್ದಳು.

ಕೆಲಸ ಮಾತ್ರ ನಗುವಂಥದ್ದಲ್ಲ. ತಿಮಿಂಗಿಲ ಆಳಕ್ಕೆ ಮುಳುಗುವಾಗ ಬಾಲವನ್ನು ಒಮ್ಮೆ ಮೇಲೆತ್ತುತ್ತದೆ. ಅದರ ಅಡಿಭಾಗದ ಬಿಳಿ ಕಲೆ, ಅಂಚಿನ ಹರಕು ಒಂದರದ್ದು ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಬೋಟಿನವರು ತಂದ ಫೋಟೋಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಂದಿಸಿ, ಯಾವುದು ಬಂತು, ಯಾವುದು ಬರಲೇ ಇಲ್ಲ ಎಂದು ಅವಳು ಒಂದು ಪುಸ್ತಕದಲ್ಲಿ ಬರೆದಿಟ್ಟಳು. ಆ ಪುಸ್ತಕ ನೋಡಿಯೇ ಸರ್ಕಾರ ಕಾನೂನು ಮಾಡಿದ್ದು: ಮರಿ ಹಾಕುವ ತಿಂಗಳುಗಳಲ್ಲಿ ಯಾವ ಬೋಟೂ ತಿಮಿಂಗಿಲದ ಇನ್ನೂರು ಮೀಟರ್ ಒಳಗೆ ಹೋಗಕೂಡದು.

ಅವಳ ತಮ್ಮ, ಜನರನ್ನು ತಿಮಿಂಗಿಲ ತೋರಿಸಲು ಕರೆದೊಯ್ಯುವ ಬೋಟು ಓಡಿಸುತ್ತಿದ್ದ. ಅಮ್ಮ ಹೋದ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದವನು. ಈಗ ಎರಡು ಮಕ್ಕಳ ತಂದೆ. ಅವನೂ ಅಕ್ಕನಿಗಾಗಿ ಫೋಟೋ ತೆಗೆಯುತ್ತಿದ್ದ, ಒಂದೂ ನೆಟ್ಟಗೆ ಬರುತ್ತಿರಲಿಲ್ಲ. “ಇದೇನೋ ಇದು, ಬಾಲವೋ ಕಾಗೆಯೋ? ಪಕ್ಕದ ಬೋಟಿನವನನ್ನ ನೋಡಿ ಕಲಿ” ಎಂದು ಎಲ್ಲರೆದುರೇ ಛೇಡಿಸುವಳು. ತಮಾಷೆಗೇ ಹೇಳಿದ್ದು. ಅವನು ಹಲ್ಲು ಕಿರಿದು ಬೋಟಿಗೆ ಮರಳುತ್ತಿದ್ದ.

ಮರಿ ಹಾಕುವ ತಿಂಗಳ ಒಂದು ಗುರುವಾರ ಬೆಳಿಗ್ಗೆ ಅವನು ತೆಗೆದ ಫೋಟೋ ಬಂತು. ಹರಕಿಯ ಬಾಲ. ಎಡ ಅಂಚು ಹರಿದಿದ್ದಕ್ಕೆ ಬಾಲದಕ್ಕನೇ ಇಟ್ಟ ಹೆಸರದು. ನಾಲ್ಕು ಮರಿ ಹೆತ್ತ, ಹಳೇ ಗುರುತಿನ ತಿಮಿಂಗಿಲ. ನೀರಿನ ಹನಿ ಎಣಿಸಬಹುದು, ಅಷ್ಟು ಸ್ಪಷ್ಟ. ಕೆಳಗೆ ಒಂದು ಸಾಲು: “ಅಕ್ಕಾ, ಈ ಸಲ ಪೂರ್ತಿ ಬಂದಿದೆಯಾ?” ಅವಳು ಹಿಗ್ಗಿ ಹೀರೇಕಾಯಾಗಿ “ಈಗ ನೀನು ಮನುಷ್ಯ ಆದೆ ನೋಡು” ಎಂದು ಬರೆದಳು. ಹದಿನೆಂಟು ವರ್ಷ ಪಳಗಿದ ಕಣ್ಣು, ತಮ್ಮನದು ಅನ್ನುವ ಖುಷಿಯಲ್ಲಿ ಫೋಟೋದ ಮೂಲೆಯಲ್ಲಿದ್ದ ಬೋಟಿನ ಕಂಬಿಯನ್ನು ಗಮನಿಸಲೇ ಇಲ್ಲ.

ಶನಿವಾರ ಹರಕಿ ದಡಕ್ಕೆ ಬಂದಳು, ಹೆಣವಾಗಿ. ಬೆನ್ನ ಮೇಲೆ ಸಾಲಾಗಿ ಏಳು ಕಡಿತ, ಬೋಟಿನ ಪ್ರೊಪೆಲ್ಲರಿನವು. ಹತ್ತಿರದ ನೀರಲ್ಲೇ ಅವಳ ಮರಿ ಸುತ್ತು ಹಾಕುತ್ತಿತ್ತು. ಹಾಲಿಲ್ಲದೆ ಅದು ಉಳಿಯುವುದಿಲ್ಲ ಎಂದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ತನಿಖೆಗೆ ಬಂದ ಅಧಿಕಾರಿ ಕೇಳಿದರು, “ಇದನ್ನ ಕೊನೇ ಸಲ ಜೀವಂತ ನೋಡಿದವರು ಯಾರಮ್ಮ? ಸಾಕ್ಷಿ ಸಿಕ್ಕಿದ್ರೆ ಆ ಬೋಟಿನವನು ಈ ಜನ್ಮದಲ್ಲಿ ಮತ್ತೆ ಚುಕ್ಕಾಣಿ ಹಿಡಿಯಲ್ಲ.”

ಅವಳು ಕೋಣೆಗೆ ಓಡಿ ಗುರುವಾರದ ಫೋಟೋ ತೆಗೆದು ನೋಡಿದಳು. ಮೂಲೆಯಲ್ಲಿ ಕಂಬಿ, ಅದರ ಪಕ್ಕ ಆ ಗಾತ್ರದ ಬಾಲ: ಇಪ್ಪತ್ತು ಮೀಟರೂ ದೂರವಿರಲಿಲ್ಲ. ತಮ್ಮನನ್ನು ಕರೆಸಿದಳು. ಅವನು ಬಾಗಿಲಲ್ಲೇ ನಿಂತ.

“ಏನಾಯ್ತು ಹೇಳೋ.”

“ಫೋಟೋ ತೆಗೆದು ಇಂಜಿನ್ ಹಾಕ್ದೆ. ಅಡೀಲಿ ಏನೋ ಬಡೀತು. ಮರದ ದಿಮ್ಮಿ ಅನ್ಕೊಂಡೆ.”

“ಅನ್ಕೊಂಡ್ಯಾ?”

ಅವನು ನೆಲ ನೋಡಿದ. “ಇಲ್ಲ. ಹಾಗೆ ಅನ್ಕೊಂಡ್ರೆ ಸಾಕು ಅನ್ನಿಸ್ತು.” ಆಮೇಲೆ, “ನನ್ನ ಫೋನಲ್ಲಿ ಅಳಿಸಿದೀನಿ. ನಿನ್ನ ಹತ್ರ ಬಿಟ್ರೆ ಆ ಫೋಟೋ ಎಲ್ಲೂ ಇಲ್ಲಕ್ಕ” ಎಂದ.

ಅಳಿಸಲು ಒಂದು ಕ್ಷಣ ಸಾಕಿತ್ತು. ಸುಳ್ಳು ಯಾಕೆ ಹೇಳಲಿ, ಅವಳ ಕೈ ಹೋಗಿಯೂ ಇತ್ತು. ಆದರೆ ಒಂದು ಫೋಟೋ ಮುಚ್ಚಿಟ್ಟ ಪುಸ್ತಕವನ್ನು ನಾಳೆ ಯಾರು ನಂಬುತ್ತಾರೆ? ಕಾನೂನು ನಿಂತಿದ್ದೇ ಅದರ ಮೇಲೆ. ಬೇಲಿಯೇ ಎದ್ದು ಹೊಲ ಮೇದಂತಾಗುತ್ತದೆ. ಸೋಮವಾರ ಅವಳೇ ಹೋಗಿ ಫೋಟೋವನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು.

“ಅಷ್ಟು ಹತ್ತಿರ ಯಾಕೆ ಹೋದನಂತೆ?”

“ಬಾಲ ಪೂರ್ತಿ ಬೇಕು ಅಂತ ನಾನು ಕಾಡ್ತಿದ್ದೆ ಸಾರ್. ಅದನ್ನೂ ಬರ್ಕೊಳ್ಳಿ.”

ಅಧಿಕಾರಿ ಹಾಳೆ ಮಗುಚಿ ನೋಡಿದರು. “ಅದಕ್ಕೆ ಈ ಫಾರಂನಲ್ಲಿ ಜಾಗ ಇಲ್ಲಮ್ಮ.”

ಮರಿ ಬುಧವಾರ ಸತ್ತಿತು. ತಮ್ಮನ ಪರವಾನಗಿ ಹೋಯಿತು. ಈಗ ಕೆಳಗಿನ ಐಸ್ ಫ್ಯಾಕ್ಟರಿಯಲ್ಲೇ ದುಡಿಯುತ್ತಾನೆ, ಒಂದು ದಿನವೂ ಮೆಟ್ಟಿಲು ಹತ್ತಿ ಮೇಲೆ ಬಂದಿಲ್ಲ. ಬಾಲದಕ್ಕ ಯಾರನ್ನೂ ಛೇಡಿಸುವುದಿಲ್ಲ. ಮಸುಕು ಫೋಟೋ ತಂದವರಿಗೆ “ಸಾಕಪ್ಪ, ಇಷ್ಟು ಕಂಡರೆ ಸಾಕು” ಅನ್ನುತ್ತಾಳೆ. ಆ ಮಾತು ಕೇಳಬೇಕಾಗಿದ್ದವನು ಕೆಳಗೆ ಐಸ್ ಒಡೆಯುತ್ತಿರುತ್ತಾನೆ.