ಬೀರುವಿನಲ್ಲಿ ಒಣಗಲಿಟ್ಟ ಪುಸ್ತಕಗಳು

ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಮಟ್ಟಿಗೆ ಮುಟ್ಟದೆ ಬಿಟ್ಟರೆ ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ತಿಪಟೂರು ಸೀಮೆಯಲ್ಲಿ ಹುಟ್ಟಿದವರೆಲ್ಲ ಕಲಿಯುವ ಮೊದಲ ಪಾಠ ಇದು. ನಾನು ಕಲಿತದ್ದು ಇದೊಂದೇ ಇರಬೇಕು. ದಬ್ಬೇಘಟ್ಟದ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿ, ಲೈಬ್ರರಿಯ ಬೀಗದಕೈ ನನ್ನ ಕೈಗೆ ಬಂದಾಗ ಪುಸ್ತಕಗಳನ್ನೂ ಹಾಗೆಯೇ ಬೀರುವಿನಲ್ಲಿಟ್ಟೆ. ಕೇಳಲು ಬಂದ ಮಕ್ಕಳನ್ನು, "ಇವು ನಿಮ್ಮ ಭವಿಷ್ಯಕ್ಕೆ ಕಣ್ರೋ, ಈಗ್ಲೇ ಮುಟ್ಟಿ ಹಾಳು ಮಾಡ್ಬ್ಯಾಡಿ" ಎಂದು ಗದರುತ್ತಿದ್ದೆ.

ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾ, ನಮ್ಮನೇಲಿ ಕೊಬ್ರೀನಾದ್ರೂ ವರ್ಷಕ್ಕೊಂದ್ಸಲ ಅಟ್ಟದಿಂದ ಇಳಿಸ್ತಾರೆ."

ತರಗತಿ ಗೊಳ್ಳೆಂದಿತು. ನಾನೂ ನಕ್ಕಂತೆ ಮಾಡಿ, ಬೀರುವಿನ ಬೀಗ ತೆಗೆದೆ.

ಈಗ ವಾಪಸು ಬಂದ ಪುಸ್ತಕವನ್ನು ಅಟ್ಟದ ಕಾಯಿಯ ಹಾಗೆ ಅಲ್ಲಾಡಿಸಿ ನೋಡುತ್ತೇನೆ. ಕೊಬ್ಬರಿಯಾದ ಕಾಯಿ ಲೊಡಲೊಡ ಎನ್ನುತ್ತದೆ. ಮಕ್ಕಳು ಓದಿದ ಪುಸ್ತಕದಿಂದ ಹುಣಸೆಬೀಜ, ಬಸ್ ಟಿಕೆಟ್, ನವಿಲುಗರಿ ಉದುರುತ್ತವೆ. ಭವಿಷ್ಯ ರೂಪಿಸಿಕೊಳ್ಳುವುದನ್ನು ಹೇಳಿಕೊಡುವ ದಪ್ಪ ಪುಸ್ತಕವೊಂದನ್ನು ನಾನೇ ಆರಿಸಿ, ಹೊಗಳಿ, ಸಿಕ್ಕಸಿಕ್ಕವರ ಕೈಗೆ ತುರುಕಿದ್ದೆ. ಅದನ್ನು ಎಷ್ಟು ಅಲ್ಲಾಡಿಸಿದರೂ ಏನೂ ಉದುರುವುದಿಲ್ಲ.

ಇನ್ನೂ ಹಸಿ ಇರಬೇಕೆಂದು ಮತ್ತೆ ಬೀರುವಿನೊಳಗೆ ಇಟ್ಟಿದ್ದೇನೆ.