ಸ್ಪ್ಯಾನಿಷ್ ಬೊಮ್ಮಪ್ಪ ಮೇಷ್ಟ್ರು

ಕೊರಟಗೆರೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬೊಮ್ಮಪ್ಪನವರು ಫೋನಿನಲ್ಲೇ ಸ್ಪ್ಯಾನಿಷ್ ಕಲಿತವರು. ಹೋಟೆಲಿನಲ್ಲಿ ಯಾರಾದರೂ ‘ಟೈಮಿಗೆ ಸ್ಪ್ಯಾನಿಷ್‌ನಾಗೆ ಏನಂತಾರೆ ಸಾ?’ ಎಂದರೆ ಸಾಕು, ‘ಯಾವ ಟೈಮು? ಗಡಿಯಾರದ್ದಾದ್ರೆ ಓರಾ, ಕಳೆದೋಗೋದಾದ್ರೆ ತಿಯೆಂಪೊ, ಎಷ್ಟನೇ ಸಲ ಅನ್ನೋದಾದ್ರೆ ವೆಸ್. ಮೊದ್ಲು ಸಂದರ್ಭ ಹೇಳ್ಲಾ!’ ಎಂದು ಗದರುತ್ತಾರೆ. ಅಷ್ಟರಲ್ಲಿ ಕೇಳಿದವನ ಬಸ್ಸು ಅವನನ್ನು ಬಿಟ್ಟು ಮಧುಗಿರಿ ಮುಟ್ಟಿರುತ್ತದೆ. ಹೆಂಡತಿ ಆಂಜಿನಮ್ಮ ‘ಒಸಿ ಲೈಟ್ ಹಾಕಿ’ ಎಂದರೂ ಬೆಳಕಿನ ಲೈಟು, ಹಗುರದ ಲೈಟು ಬೇರೆ ಬೇರೆ ಎಂದು ಕತ್ತಲಲ್ಲೇ ವಿವರಿಸುತ್ತಾರೆ. ಭಾನುವಾರ ಬಂತೆಂದರೆ, ಸ್ಪೇನಿನವರು ಯಾರಾದರೂ ಬಂದಾರೆಂದು ಸಿದ್ದರಬೆಟ್ಟದ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಹೋದ ವರ್ಷ ಒಬ್ಬಾಕೆ ನಿಜಕ್ಕೂ ಬಂದಳು. ಮೇಷ್ಟ್ರು ಅವಳ ಚೀಲ ಹೊತ್ತು ಬೆಟ್ಟ ಹತ್ತಿ ಇಳಿದರು. ನಾಚಿಕೆಗೆ ಒಂದು ಸ್ಪ್ಯಾನಿಷ್ ಪದವೂ ಹೊರಡಲಿಲ್ಲ. ಕೊನೆಗೆ, ‘ಹೋಗ್ಬುಟ್ ಬಾ ಕಣಮ್ಮ’ ಎಂದರು. ಆಕೆ ಅವರ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಅಂದಳು. ಅಂದು ಮಾತ್ರ ಮೇಷ್ಟ್ರು ಸಂದರ್ಭ ಕೇಳಲಿಲ್ಲ.